ಹೊನ್ನೆಗುಂಡಿಯ ಒಣಸೀರೆ

ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದುವವನಿಗೆ ಸುದ್ದಿಯೂ ತುಂಡುತುಂಡಾಗಿಯೇ ತಲುಪುತ್ತದೆ. ಕೇರಳದ ನೀಲೇಶ್ವರದ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದ ಮಲಯಾಳದ ಜಾಹೀರಾತಿನಲ್ಲಿ ಮೊದಲು ನನಗೆ ದಕ್ಕಿದ ಪದ ‘ಪೆಣ್ಣ್’, ಅಂದರೆ ಹೆಣ್ಣು. ಅದರ ಮುಂದೆ ‘ಚಾಡಿಯ’, ಅಂದರೆ ಹಾರಿದ. ಕೊನೆಯಲ್ಲಿದ್ದ ಉದ್ದನೆಯ ಪದ ‘ವೆಳ್ಳಚ್ಚಾಟ್ಟಂ’. ಅದು ಜಲಪಾತವೆಂದು ತಿಳಿಯಲು ಬೆರಳಿಟ್ಟು ಮತ್ತೊಮ್ಮೆ ಓದಬೇಕಾಯಿತು. ಹೆಣ್ಣು ಹಾರಿದ ಜಲಪಾತ. ಗಡಿಯಾಚೆಗೆ ಒಂದು ದಿನದ ಪ್ರವಾಸ, ಐತಿಹಾಸಿಕ ಬಾರ್ಕೂರು ಸಮೇತ. ಕೆಳಗೆ ಚಿತ್ರವಿತ್ತು: ಎರಡು ಕವಲಾಗಿ ಇಳಿಯುವ ನೀರು, ಬಲಬದಿಯಲ್ಲಿ ಆನೆಯ ಬೆನ್ನಿನಂತೆ ಬಾಗಿದ ಬಂಡೆ. ಬೈಂದೂರು ಕಡೆಯ ಘಟ್ಟದ ಬುಡದಲ್ಲಿರುವ ಹೊನ್ನೆಗುಂಡಿ ತೀರ್ಥ. ಹಾರಿದಳೆಂದು ಬರೆದಿದ್ದ ಆ ಹೆಣ್ಣು ನನ್ನ ತಂಗಿ ಗುಲಾಬಿ.

ನಮ್ಮ ಕಡೆಯವರಿಗೆ ಈ ಕಥೆ ಹೊಸದಲ್ಲ. ಮೂರು ದಶಕಗಳಿಂದ ಅದನ್ನು ಒಂದೇ ರೀತಿ ಹೇಳಿಕೊಂಡು ಬಂದಿದ್ದಾರೆ. ಗುಲಾಬಿಯ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ. ಅಲ್ಲಿ ಅವನು ಬೇರೊಬ್ಬಳೊಂದಿಗೆ ಸಂಸಾರ ಹೂಡಿದ ಸುದ್ದಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಿಗ್ಗೆ ಅವಳು ಒಬ್ಬಳೇ ತೀರ್ಥಕ್ಕೆ ಹೋದಳು, ಸೀರೆಯನ್ನು ಮಡಚಿ ಬಂಡೆಯ ಮೇಲಿಟ್ಟಳು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿದಳು, ಗುಂಡಿಗೆ ಹಾರಿದಳು. ಹೀಗೆ ಕಥೆ. ಹಿಂದೆ ಉಳಿದದ್ದು ಮೂರು ವರ್ಷದ ಸುಮತಿ. ಆ ಮಗುವಿಗೆ ಅಲ್ಲಿಯವರೆಗೆ ಮಾತು ಬಂದಿರಲಿಲ್ಲ. ಮಾತು ಬಂದ ಮೇಲೆ ಶಾಲೆಯಲ್ಲಿ ಅವಳು ಕೇಳಿಸಿಕೊಂಡದ್ದು ‘ಹಾರ್ದವ್ಳ್ ಮಗ್ಳ್’ ಎಂಬ ಹೆಸರು.

ನಾನು ಏಳನೆಯ ತರಗತಿಯವರೆಗೆ ಓದಿದವನು. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ಹಂಚು ಸುಡುವ ಗೂಡು ಆರುವವರೆಗಿನ ಬಿಡುವಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಹಳೆಯ ಶಾಸನದ ಅಕ್ಷರಗಳನ್ನೂ ಅಷ್ಟಿಷ್ಟು ಓದಲು ಕಲಿತೆ. ಎಲ್ಲರೂ ಹೇಳುತ್ತಾರೆ ಎಂಬುದನ್ನು ಸಾಕ್ಷ್ಯವೆಂದು ಒಪ್ಪದಿರುವ ಹಟ ಆಗಲೇ ಬೆಳೆಯಿತು. ಊರಿನಲ್ಲಿ ಅದಕ್ಕೆ ಸಿಕ್ಕ ಹೆಸರು ತಕರಾರು. ಕಾರ್ಖಾನೆ ಮುಚ್ಚಿ, ತಲ್ಲೂರಿನಲ್ಲಿ ನಾವಿದ್ದ ಸಾಲುಮನೆಯನ್ನು ಕೆಡವಿದ ಮೇಲೆ ಸುಮತಿ ನನ್ನನ್ನು ಇಲ್ಲಿಗೆ ಕರೆತಂದಳು. ಅವಳ ಗಂಡ ಬಾಬು ನೀಲೇಶ್ವರದವನು, ದೋಣಿಯ ಇಂಜಿನ್ ರಿಪೇರಿಯವನು. ಗಂಗೊಳ್ಳಿ ಬಂದರಿಗೆ ಕೆಲಸಕ್ಕೆ ಬಂದಾಗ ಅವಳನ್ನು ಕಂಡು ಮೆಚ್ಚಿದವನು. ಅವನು ಅವಳ ತಾಯಿಯ ಬಗ್ಗೆ ಏನನ್ನೂ ಕೇಳಲಿಲ್ಲ. ಸುಮತಿ ಅವನನ್ನು ಒಪ್ಪಲು ಅದೇ ಮುಖ್ಯ ಕಾರಣವಾಗಿತ್ತೆಂದು ನನ್ನ ಊಹೆ.

ಹೊಸ ಊರಿನಲ್ಲಿ ಮೊದಲು ಹೆದರಿಸಿದ್ದು ನೀರು. ಲೋಟದಲ್ಲಿ ಕೊಟ್ಟ ಕುಡಿಯುವ ನೀರು ತೆಳುಗೆಂಪಾಗಿ ಬೆಚ್ಚಗಿತ್ತು. ಕೊಳವೆಯ ತುಕ್ಕು ಎಂದುಕೊಂಡು ಚೆಲ್ಲಿಬಿಟ್ಟೆ. ಅದು ‘ಪದಿಮುಗಂ’ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು, ಇಲ್ಲಿ ಪ್ರತಿ ಮನೆಯಲ್ಲೂ ಅದೇ. ಬಂಗುಡೆ ಇಲ್ಲಿ ‘ಅಯಲ’ ಆಗುತ್ತದೆ, ಕುಚ್ಚಲಕ್ಕಿಯ ಅನ್ನ ಇನ್ನೂ ಕೆಂಪಾಗಿ, ಇನ್ನೂ ದಪ್ಪವಾಗಿ ಬರುತ್ತದೆ. ಕೆಲವು ಸಂಗತಿಗಳು ಮಾತ್ರ ಗಡಿ ದಾಟಿದರೂ ಬದಲಾಗಿಲ್ಲ. ನಮ್ಮಲ್ಲಿ ತಂಗಿಯ ಮಕ್ಕಳಿಗೆ ಸೋದರಮಾವನೇ ಹಿರಿಯನಾಗಿದ್ದಂತೆ ಇಲ್ಲಿಯೂ ‘ಅಮ್ಮಾವನ್’, ಅಂದರೆ ಸೋದರಮಾವ, ತೂಕವುಳ್ಳ ಪದ. ಬೆಳಿಗ್ಗೆ ಪತ್ರಿಕೆ ಹಿಡಿದು ಜಗಲಿಯಲ್ಲಿ ಅಕ್ಷರ ಕೂಡಿಸುತ್ತ ಕೂತಿದ್ದ ನನ್ನನ್ನು ಓಣಿಯವರು ಮಾಸ್ತರನೆಂದು ತಿಳಿದು ‘ಮಾಷೇ’ ಎಂದು ಕರೆಯತೊಡಗಿದರು. ತಿದ್ದಲು ಹೋದೆ, ಆಗಲಿಲ್ಲ. ಬಾಬು ನಕ್ಕ: “ಅಮ್ಮಾವಾ, ಊರಲ್ಲಿ ಸಿಗದೇ ಹೋದದ್ದನ್ನು ಇಲ್ಲಿ ಕೊಟ್ಟರೆ ಇಟ್ಟುಕೊಳ್ಳಿ.”

ಇಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಒಂಟಿತನವೆಂದು ಅದನ್ನು ನಾನು ದೂರುತ್ತಿದ್ದೆ. ಸುಮತಿಗೆ ಅದು ಔಷಧವಾಗಿತ್ತು. ಮೀನುಪೇಟೆಯಲ್ಲಿ ನಿಂತು ಚೌಕಾಸಿ ಮಾಡುವ, ಪಕ್ಕದ ಮನೆಯ ದೇವಕಿಯೇಟ್ಟತ್ತಿಯ ಜೊತೆ ಗಟ್ಟಿಯಾಗಿ ನಗುವ ಸುಮತಿಯನ್ನು ನಾನು ಊರಿನಲ್ಲಿ ನೋಡಿರಲಿಲ್ಲ. ‘ಏಟ್ಟತ್ತಿ’ ಎಂದರೆ ಅಣ್ಣನ ಹೆಂಡತಿ, ಅತ್ತಿಗೆ. ಎಪ್ಪತ್ತರ ಆಸುಪಾಸಿನ ದೇವಕಿಯವರಿಗೆ ಇಡೀ ಓಣಿಯೇ ಮೈದುನರ ಬಳಗ.

ಹೀಗಿರುವಾಗ ಆ ಜಾಹೀರಾತು. ಅವಳಿಂದ ಅದನ್ನು ಮುಚ್ಚಿಡಬೇಕೆಂದಿದ್ದೆ. ಅವಳು ನನಗಿಂತ ಮೊದಲೇ ಓದಿದ್ದಳು.

“ಮಾವ, ನಂಗೆ ಹೋಯ್ಕ್. ಅಲ್ಲಿ ಎಂತ ಹೇಳ್ತ್ರ್ ಅಂದೇಳಿ ಕೇಣ್ಕ್,” ಎಂದಳು, ಹೋಗಿ ಕೇಳಲೇಬೇಕೆಂಬ ಹಟದಿಂದ.

“ಸುಳ್ಳ್ ಕೇಂಬುಕೆ ದುಡ್ಡ್ ಕೊಟ್ಟ್ ಹೋಪುದಾ?”

“ಇಷ್ಟ್ ವರ್ಷ ಪುಕ್ಕಟೆ ಕೇಣ್ಲಿಲ್ಯಾ?”

ಅವಳಿಗೆ ಬೇಕಾದದ್ದು ಒಂದೇ ವಿಷಯವೆಂದು ನನಗೆ ಗೊತ್ತಿತ್ತು. ತಾಯಿ ತನ್ನನ್ನು ಬಿಟ್ಟು ಹೋದಳೋ, ಇಲ್ಲವೋ. ಜಾರಿ ಬಿದ್ದಳೆಂದು ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಅದು ಹಿರಿಯರ ಸಮಾಧಾನದ ಮಾತಾಗಿಯೇ ಬಿದ್ದಿತ್ತು. ನನ್ನ ತಾಯಿ ಬದುಕಿರುವ ತನಕ ಆ ಮನೆಯಲ್ಲಿ ಗುಲಾಬಿಯ ಹೆಸರೆತ್ತಲು ಬಿಡಲಿಲ್ಲ. ತೀರ್ಥದ ದಾರಿಯನ್ನೂ ನಮ್ಮ ಮನೆಯವರು ಮತ್ತೆ ತುಳಿಯಲಿಲ್ಲ.

ಮಳೆ ಬಿಟ್ಟ ಮೇಲಿನ ಒಂದು ಭಾನುವಾರ ನಸುಕಿನಲ್ಲಿ ಬಸ್ಸು ಹೊರಟಿತು. ನಾನು, ಸುಮತಿ, ಜೊತೆಗೆ ನೀರಿನಲ್ಲಿ ಮೀಯುವ ಆಸೆಯಿಂದ ಬಂದ ದೇವಕಿಯೇಟ್ಟತ್ತಿ. ಮಾರ್ಗದರ್ಶಿ ಬಿಜು ಎಂಬಾತ, ಹಸನ್ಮುಖಿ, ವಯಸ್ಸಾದವರನ್ನು ಕೈಹಿಡಿದು ಹತ್ತಿಸುವವನು. ಅವನ ಮೇಲೆ ಸಿಟ್ಟಾಗಲು ನಾನು ಮಾಡಿಕೊಂಡ ಸಿದ್ಧತೆ ಆಗಲೇ ಅರ್ಧ ವ್ಯರ್ಥವಾಯಿತು. ತಲಪಾಡಿಯಲ್ಲಿ ಗಡಿ ದಾಟಿದೊಡನೆ ಚಾಲಕ ಡೀಸೆಲ್ ತುಂಬಿಸಿದ, ಈಚೆ ಅಗ್ಗವೆಂದು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೆ ಅದು ಹೊರನಾಡು. ನಾನು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ನನ್ನದೇ ನಾಡಿನೊಳಗೆ ಹೋಗುತ್ತಿದ್ದೆ.

ಬ್ರಹ್ಮಾವರದ ಆಚೆ ಹೆದ್ದಾರಿ ಬಿಟ್ಟು ಬಾರ್ಕೂರಿಗೆ ತಿರುಗಿದೆವು. ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ನಿಂತು ಬಿಜು, ಈ ಪಟ್ಟಣದಲ್ಲಿ ಒಂದು ಕಾಲಕ್ಕೆ ವರ್ಷದ ಪ್ರತಿ ದಿನಕ್ಕೊಂದರಂತೆ ದೇವಸ್ಥಾನಗಳಿದ್ದವು ಎಂದ. ಎಣಿಸಿದವರು ಯಾರು ಎಂದು ನಾನು ಕೇಳಿದೆ.

“ಎಲ್ಲಾವರುಂ ಪರಯುನ್ನದಾಣ್,” ಎಂದ ಅವನು. ಎಲ್ಲರೂ ಹೇಳುವುದು.

“ಎಲ್ಲರೂ ಹೇಳಿದರೆ ಗೋಡೆ ಏಳುತ್ತದೆಯೇ? ತಳಪಾಯ ಎಲ್ಲಿದೆ?”

ಬಸ್ಸಿನವರು ನಕ್ಕರು. ಮಾಷ್ ಪರೀಕ್ಷೆ ನಡೆಸುತ್ತಿದ್ದಾರೆ ಎಂದು ಹಿಂದಿನಿಂದ ಯಾರೋ ಅಂದರು. ಸುಮತಿ ನನ್ನ ಅಂಗಿಯ ತೋಳು ಜಗ್ಗಿದಳು: “ಮಾವ, ಸುಮ್ನಿರಿ ಕಾಂಬ. ದೇವಸ್ಥಾನ ಎಷ್ಟಿದ್ರೆ ನಿಮ್ಗೆಂತ?”

ಕೋಟದಲ್ಲಿ ಊಟ. ಸಾಂಬಾರಿಗೆ ಬೆಲ್ಲ ಹಾಕಿದ್ದಾರೆಂದು ಅವರು ಮುಖ ಸಿಂಡರಿಸಿದರು. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಕುಂದಾಪುರ ದಾಟಿ ತಲ್ಲೂರು ಬಂದಾಗ ಕಿಟಕಿಗೆ ಹಣೆಯಿಟ್ಟು ಹುಡುಕಿದೆ. ನಮ್ಮ ಸಾಲುಮನೆಯಿದ್ದಲ್ಲಿ ಗಾಜಿನ ಗೋಡೆಯೊಳಗೆ ಹೊಸ ಕಾರುಗಳು ನಿಂತಿದ್ದವು. ಬಿಜು ಅಂತ್ಯಾಕ್ಷರಿ ಆಡಿಸುತ್ತಿದ್ದ. ಆ ಜಾಗದ ಬಗ್ಗೆ ಅವನಿಗೆ ಯಾವ ಕಥೆಯೂ ಸಿಕ್ಕಿರಲಿಲ್ಲ.

ಹೊನ್ನೆಗುಂಡಿಯ ಕಾಲುದಾರಿ ಶುರುವಾಗುವಲ್ಲಿ ಸೌತೆಕಾಯಿ, ನೀರಿನ ಬಾಟಲಿ ಮಾರುವ ಹೆಂಗಸೊಬ್ಬಳು ಕೂತಿದ್ದಳು. ನನ್ನನ್ನು ಕಂಡವಳೇ “ವೆಳ್ಳಂ ವೇಣೋ?” ಎಂದು ಮಲಯಾಳದಲ್ಲಿ ಕೇಳಿದಳು. ನೀರು ಬೇಕೋ ಎಂದು.

“ನಾನ್ ಇಲ್ಲಿಯವ್ನೇ ಮಾರಾಯ್ತಿ.”

“ಹ್ವಾಯ್! ಇಲ್ಲಿಯವ್ರಾರೆ ಆ ಬಸ್ಸಲ್ ಎಂತಕ್ ಬಂದ್ರಿ?”

ಅವಳ ಬಾಯಲ್ಲಿ ತಮಾಷೆಯಿತ್ತು. ನನಗೆ ನಗಲಾಗಲಿಲ್ಲ.

ಆನೆಬೆನ್ನಿನ ಬಂಡೆಯ ಎದುರು ಎಲ್ಲರನ್ನೂ ನಿಲ್ಲಿಸಿ ಬಿಜು ದನಿ ತಗ್ಗಿಸಿದ. ಗಂಡನ ವಂಚನೆ, ಮೂಕ ಮಗು, ಮುಂಜಾವು. ಅವಳು ಉಟ್ಟ ಸೀರೆಯನ್ನು ಬಿಚ್ಚಿ, ಮಡಚಿ, ಇಗೋ ಇಲ್ಲಿ ಇಟ್ಟಳು ಎಂದು ಬಂಡೆಯನ್ನು ಅಂಗೈಯಿಂದ ತಟ್ಟಿದ. ಮೇಲೆ ಕಲ್ಲಿಟ್ಟಳು. ಸಾಯುವ ಗಳಿಗೆಯಲ್ಲೂ ಎಷ್ಟು ಶಾಂತಳಾಗಿದ್ದಳು ನೋಡಿ ಎಂದ. ಕೆಲವರು ಫೋನಿನಲ್ಲಿ ಬಂಡೆಯ ಚಿತ್ರ ತೆಗೆದುಕೊಂಡರು. ಸುಮತಿ ತಲೆ ತಗ್ಗಿಸಿ ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದಳು.

ಒಡೆದ ಮಲಯಾಳದಲ್ಲಿ ನಾನು ಕೇಳಿದೆ: “ಬಿಜು, ಸಾಯಲು ಹೊರಟವಳಿಗೆ ಒಣಸೀರೆ ಏಕೆ?”

“ಕಥಯಲ್ಲೇ ಅಮ್ಮಾವಾ,” ಎಂದ. ಕಥೆಯಲ್ಲವೇ ಮಾವ. “ಎಲ್ಲಾವರುಂ ಪರಯುನ್ನದಾಣ್.”

“ಅವಳು ನನ್ನ ತಂಗಿ.”

ಬಿಜು ಬಂಡೆಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ನಾನು ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಎಳ್ಳಮಾವಾಸ್ಯೆಗೆ ನಮ್ಮವರು ತೀರ್ಥದಲ್ಲಿ ಮೀಯುತ್ತಾರೆ. ಹಳೆಯ ಸೀರೆಯುಟ್ಟು ನೀರಿನಡಿ ನಿಲ್ಲುತ್ತಾರೆ. ಮಿಂದು ಬಂದು ಉಡುವ ಒಣಬಟ್ಟೆಯನ್ನು ಮಡಚಿ ಬಂಡೆಯ ಮೇಲಿಟ್ಟು, ಗಾಳಿಗೆ ಹೋಗದಂತೆ ಕಲ್ಲು ಹೇರಿರುತ್ತಾರೆ. ಆ ದಿನ ಅಲ್ಲಿಗೆ ಹೋದರೆ ಬಂಡೆಯ ತುಂಬ ಕಲ್ಲು ಹೊತ್ತ ಬಟ್ಟೆಗಳೇ. ಸುಮತಿಗೆ ಮಾತು ಬರಲೆಂದು ಗುಲಾಬಿ ತೀರ್ಥಸ್ನಾನದ ಹರಕೆ ಹೊತ್ತಿದ್ದಳು; ಆ ವರ್ಷದ ಅಮಾವಾಸ್ಯೆ ಕಳೆದು ಕೆಲವು ದಿನಗಳಾದ ಮೇಲೆ ಅದನ್ನು ಸಲ್ಲಿಸಲು ಹೋದಳು. ಕಥೆ ಕಟ್ಟಿದವರು ಮಡಚಿದ ಸೀರೆಯನ್ನೂ ಮೇಲಿನ ಕಲ್ಲನ್ನೂ ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆ. ಹಾರಿದಳೆಂಬ ಅವರ ತೀರ್ಪನ್ನು ಅಲ್ಲಗಳೆಯಲು ಅವೆರಡೇ ಸಾಕು.

ಗುಂಪಿನಲ್ಲಿದ್ದ ಒಬ್ಬರು ಸೌಜನ್ಯದಿಂದಲೇ ಕೇಳಿದರು: ಹರಕೆಯಾದರೆ ಅಮಾವಾಸ್ಯೆಯ ದಿನ ಎಲ್ಲರ ಜೊತೆ ಹೋಗಬೇಕಿತ್ತಲ್ಲವೇ? ಅದು ಕಳೆದ ಮೇಲೆ ಒಬ್ಬಳೇ ಏಕೆ ಹೋದಳು?

ಪೊಲೀಸರು ಕೇಳಿದ್ದೂ ಇದೇ. ಮಹಜರಿನ ಸಮಯದಲ್ಲಿ ಹೆಂಗಸರು ಬಾಯಿ ಬಿಡಲಿಲ್ಲ. ಆಮೇಲೆ ಅವರಿಂದ ತಿಳಿದು ನಾನು ಠಾಣೆಗೆ ಹೋಗಿ ಹೇಳಿದಾಗ ಅಲ್ಲಿಯವರು ನಕ್ಕು, ಇದನ್ನೆಲ್ಲ ಸರ್ಕಾರದ ಕಾಗದದಲ್ಲಿ ಬರೆಯಲಾಗುತ್ತದೆಯೇ ಎಂದು ಕಳಿಸಿಬಿಟ್ಟಿದ್ದರು. ಅಷ್ಟು ಜನ ಗಂಡಸರ ನಡುವೆ ಅದೇ ಮಾತಿಗೆ ಮಲಯಾಳದಲ್ಲಿ ಪದ ಹುಡುಕುತ್ತ ನಾನು ತಡವರಿಸಿದೆ. ದೇವಕಿಯೇಟ್ಟತ್ತಿ ಕಾಯಲಿಲ್ಲ.

“ತೀಂಡಾರಿಯಾಯಿರಿಕ್ಕುಂ,” ಎಂದರು, ಮೀನಿನ ಧಾರಣೆ ಹೇಳುವಷ್ಟು ಸಹಜವಾಗಿ.

ನಮ್ಮಲ್ಲಿ ಹೊರಗೆ ಕೂರುವುದೆಂದು ಹೇಳುವುದಕ್ಕೆ ಇಲ್ಲಿ ತೀಂಡಾರಿ ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿದೆ. ಅಮಾವಾಸ್ಯೆಯಂದು ಅವಳು ಹಿಂದಿನ ಜಗಲಿಯಲ್ಲಿ ಹೊರಗೆ ಕೂತಿದ್ದಳು. ತಲೆಗೆ ಮಿಂದು ಒಳಗಾದ ಮೇಲೆ, ಹರಕೆ ಬಾಕಿಯುಳಿಯಬಾರದೆಂದು ಒಬ್ಬಳೇ ಹೊರಟಳು. ಗಂಡಸರು ನೀರಿನ ಕಡೆ ಮುಖ ಮಾಡಿದರು. ನಮ್ಮೂರಿನ ಹೆಂಗಸರು ಅಂದು ನುಂಗಿಕೊಂಡ ಮಾತನ್ನು ಗಡಿಯಾಚೆಯ ಹೆಂಗಸೊಬ್ಬಳು ನಮ್ಮ ಬಂಡೆಯ ಮುಂದೆ ನಿಂತು ಹೇಳಿದಳು.

ಆಗ ಸುಮತಿ ಕೇಳಿದಳು. ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ.

“ಮಾವ, ಒಣ್‌ಸೀರೆ ಅಂದ್ರೆ ಎಂತ? ಅಮ್ಮ ಉಟ್ಕಂಡ್ ಹೋದ್ ಸೀರೆ ಅಲ್ದಾ ಅದ್?”

ತೀರ್ಥಕ್ಕೆ ಹೋಗುವುದನ್ನೇ ನಿಲ್ಲಿಸಿದ ಮನೆಯಲ್ಲಿ ಬೆಳೆದವಳು ಅವಳು. ಬಂಡೆಯ ಮೇಲೆ ಬಟ್ಟೆಯಿಟ್ಟು ಕಲ್ಲು ಹೇರುವುದನ್ನು ಒಮ್ಮೆಯೂ ಕಂಡವಳಲ್ಲ. ನಾವು ಹಿರಿಯರು, ಇದು ಯಾರಿಗೆ ಗೊತ್ತಿಲ್ಲ ಎಂದುಕೊಂಡು, ಅವಳಿಗೂ ಗೊತ್ತಿದೆ ಎಂದೇ ಎಣಿಸಿದ್ದೆವು. ಅವಳೋ ಇಷ್ಟು ವರ್ಷ, ತಾಯಿ ಮೈಮೇಲಿನ ಸೀರೆಯನ್ನೂ ಬಿಟ್ಟು ಹೋದಳೆಂದು ನಂಬಿಕೊಂಡು ಬಂದಿದ್ದಳು.

“ಉಟ್ಟದ್ ಮೈಮೇಲೇ ಇದ್ದಿತ್ ಮಗಾ,” ಎಂದೆ. “ಮೇಲೆ ಎತ್ತಿ ಹೊತ್ಕಂಡ್ ಬಂದದ್ ನಾನೇ ಅಲ್ದಾ? ಬಂಡೆ ಮೇಲೆ ಇದ್ದದ್ ಬದ್ಲ್ ಸೀರೆ. ಮಿಂದ್ಕಂಡ್ ಉಡುಕೆ.”

“ಹಾಂಗಾರೆ ವಾಪಸ್ ಬಪ್ಪ್ ಲೆಕ್ಕದಲ್ಲೇ ಹೋದದ್ದಾ?”

“ಹೌದ್.”

“ನಂಗೆ ಸಮಾಧಾನ ಆಯ್ಲಿ ಅಂದೇಳಿ ಹೇಳ್ತಿಲ್ಲ ಅಲ್ದಾ?”

“ನೀರಿನಡಿ ಎಂತಾಯ್ತ್ ಅಂದೇಳಿ ನಂಗ್ ಗೊತ್ತಿಲ್ಲೆ. ಪಾಚಿಗೆ ಕಾಲ್ ಜಾರ್ತಾ, ತಲೆ ತಿರ್ಗಿತಾ, ಅಲ್ಲಿ ನಿಂತ್ಕಂಡ್ ಮೇಲೆ ಮನಸ್ಸೇ ಬೇರೆ ಆಯ್ತಾ, ಯಾರಿಗೂ ಗೊತ್ತಿಲ್ಲೆ. ಈ ಕಲ್ಲಿನ ತನಕ ಗೊತ್ತಿತ್ತ್. ಅಷ್ಟೇ.”

ಇನ್ನೊಬ್ಬನಾಗಿದ್ದರೆ ಆ ಕೊನೆಯ ಸಂದೇಹವನ್ನು ಅವಳಿಂದ ಮರೆಮಾಡುತ್ತಿದ್ದ. ನನಗೆ ಅದು ಸಾಧ್ಯವಾಗಲಿಲ್ಲ. ಬೇರೆಯವರ ಕಥೆಗೆ ತಳಪಾಯ ಕೇಳುವವನು ತನ್ನದಕ್ಕೂ ಕೇಳಿಕೊಳ್ಳಬೇಕು.

ಸುಮತಿ ಚಪ್ಪಲಿ ಬಿಟ್ಟಳು. ಮೀಯುತ್ತೇನೆ ಎಂದಳು. ಬದಲಿ ಬಟ್ಟೆ ತಂದಿರಲಿಲ್ಲ. ದೇವಕಿಯೇಟ್ಟತ್ತಿ ತಮಗೆಂದು ತಂದಿದ್ದ ಒಣಮುಂಡು, ರವಿಕೆಗಳನ್ನು ಚೀಲದಿಂದ ತೆಗೆದು ಅವಳ ಕೈಗಿಟ್ಟರು. ಅವಳು ಅವನ್ನು ಬಂಡೆಯ ಮೇಲಿಟ್ಟಳು, ಹುಡುಕಿ ಒಂದು ಕಲ್ಲು ತಂದು ಹೇರಿದಳು, ನೀರಿಗಿಳಿಯುವ ಮೊದಲು ಒಮ್ಮೆ ತಿರುಗಿ ಅದನ್ನು ನೋಡಿದಳು. ಏಟ್ಟತ್ತಿ ಅವಳ ಮುಂಗೈ ಹಿಡಿದು ಅಂಚಿನವರೆಗೆ ನಡೆದರು, ಅಲ್ಲಿಂದಾಚೆ ಅವಳೊಬ್ಬಳೇ. ನೀರು ಅವಳನ್ನು ಮುಚ್ಚಿತು. ಆ ಹೊತ್ತಿನಲ್ಲಿ ನಾನು ಯಾವ ಸಾಕ್ಷ್ಯವನ್ನೂ ನಂಬಲಿಲ್ಲ, ಆ ಕಲ್ಲನ್ನು ಕೂಡ. ಅವಳ ತಲೆ ಮತ್ತೆ ಹೊರಗೆ ಕಾಣಿಸಿದಾಗ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಯಾವಾಗ ಇಳಿದೆನೆಂದು ತಿಳಿಯಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಹಾಡು ಹಾಕಲಿಲ್ಲ. ಸುಮತಿ ಅಂಚಿಗೆ ಬಂಗಾರದ ಗೆರೆಯಿದ್ದ ಬಿಳಿ ಮುಂಡನ್ನು ಉಟ್ಟು ಕಿಟಕಿಯ ಪಕ್ಕ ಕೂತಿದ್ದಳು; ಒದ್ದೆ ಬಟ್ಟೆಯ ಗಂಟು ಕಾಲಬುಡದಲ್ಲಿ ತೊಟ್ಟಿಕ್ಕುತ್ತಿತ್ತು. ಮಂಗಳೂರು ಸಮೀಪಿಸಿದಾಗ ಅವಳು ಮಾತಾಡಿದಳು.

“ನಂಗ್ ಮಾತ್ ಬರ್ಲಿ ಅಂದೇಳಿ ಹೋದದ್ದ್. ಹಾಂಗಾರೆ ನನ್ನಿಂದ.”

ಒಂದು ಭಾರವನ್ನು ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿಕೊಂಡು ಬಂದಿದ್ದೆ. ಹಿಂದಿನದು ಸುಳ್ಳಿನ ಭಾರ, ಇದು ನಿಜದ್ದು. ಹೊರುವವಳಿಗೆ ಅದರಿಂದ ಏನಾದರೂ ಹಗುರವಾಗುತ್ತದೆಯೇ ಎಂದು ನಾನು ಹೇಳಲಾರೆ.

ಮರುದಿನ ಬೆಳಿಗ್ಗೆ ಅಂಗಳದ ಹಗ್ಗದಲ್ಲಿ ಅವಳ ಚೂಡಿದಾರವೂ ಒಗೆದ ಮುಂಡೂ ಅಕ್ಕಪಕ್ಕ ತೂಗುತ್ತಿದ್ದವು. ಹೊನ್ನೆಗುಂಡಿಯ ನೀರು ನೀಲೇಶ್ವರದ ಕೆಂಪು ಮುರಕಲ್ಲಿನ ಮೇಲೆ ಆರಿತು.

ಜಾಹೀರಾತು ಗೋಡೆಯ ಮೇಲೆ ಈಗಲೂ ಇದೆ, ಅದೇ ಹೆಸರಿನಲ್ಲಿ. ಬಿಜು ಬಸ್ಸಿಳಿಯುವಾಗ ನನ್ನ ಎರಡೂ ಕೈ ಹಿಡಿದು ಕ್ಷಮೆ ಕೇಳಿದ್ದ. ಮನಸಾರೆ ಕೇಳಿದನೆಂದೇ ನನ್ನ ನಂಬಿಕೆ. ಆದರೆ ಆಮೇಲಿನ ಪ್ರವಾಸಕ್ಕೆ ಹೋಗಿಬಂದ ಪಕ್ಕದ ಓಣಿಯವರೊಬ್ಬರು ಹೊಸ ಕಥೆ ತಂದರು. ಹಾರಿದವಳ ಮಗಳು ಇದೇ ಗುಂಡಿಯಲ್ಲಿ ಅಳುತ್ತ ಮಿಂದಳಂತೆ, ತಾಯಿಯ ಆತ್ಮಕ್ಕೆ ಅಂದು ಬಿಡುಗಡೆಯಾಯಿತಂತೆ, ಮುದುಕ ಅಣ್ಣನೊಬ್ಬ ನೀರಿಗೆ ಬೀಳಲು ಹೋದಾಗ ಹಿಡಿದು ನಿಲ್ಲಿಸಿದರಂತೆ. ಒಣಸೀರೆಯ ವಿವರಣೆ ಅದರಲ್ಲಿ ಇರಲಿಲ್ಲ. ನಾನು ತಿದ್ದಲು ಹೋದ ಕಥೆ ನನ್ನನ್ನೇ ಒಳಗೆ ಹಾಕಿಕೊಂಡು ಮುಂದೆ ಸಾಗಿತ್ತು, ಗಡಿ ದಾಟಿ ನಮ್ಮ ಓಣಿಗೂ ಬಂದಿತ್ತು. ನಮ್ಮನ್ನು ಯಾರೂ ಅರಿಯದ ಊರೊಂದು ನಮಗಿತ್ತು. ಈಗ ಅದೂ ಇಲ್ಲ.

ಹೋದ ವಾರ ಮೀನುಪೇಟೆಯಲ್ಲಿ ನಾನು ಚೀಲ ಹಿಡಿದು ಸುಮತಿಯ ಹಿಂದೆ ನಿಂತಿದ್ದೆ. ಅಯಲ ಎಣಿಸಿ ಹಾಕುತ್ತಿದ್ದ ಹೆಂಗಸು ಮುಖವೆತ್ತಿ ಕೇಳಿದಳು: “ಚಾಡಿಯ ಪೆಣ್ಣಿಂಡೆ ಮೋಳಲ್ಲೇ ನೀ?” ಹಾರಿದ ಹೆಂಗಸಿನ ಮಗಳಲ್ಲವೇ ನೀನು.

ಊರಿನಲ್ಲಾಗಿದ್ದರೆ ಸುಮತಿ ಮೀನು ಬಿಟ್ಟು ಮನೆಗೆ ನಡೆಯುತ್ತಿದ್ದಳು. ನಾನು ಚೀಲ ಮಡಚಿಕೊಂಡೆ. ಅವಳು ನಿಂತಲ್ಲೇ ನಿಂತು, ಸುತ್ತಲಿನವರಿಗೆ ಕೇಳುವಂತೆ ಹೇಳಿದಳು: “ಅಲ್ಲ. ಕುಳಿಕ್ಕಾನ್ ಪೋಯ ಪೆಣ್ಣಿಂಡೆ ಮೋಳಾಣ್.” ಅಲ್ಲ, ಮೀಯಲು ಹೋದ ಹೆಂಗಸಿನ ಮಗಳು. ಆಮೇಲೆ ಮೀನು ಹೊಸತಲ್ಲವೆಂದು ಜಗಳ ತೆಗೆದಳು.

ಅವಳು ಆ ಮಾತನ್ನು ಮಲಯಾಳದಲ್ಲಿ ಹೇಳಿದಳು. ಕೇಳಬೇಕಾದವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ನಿಮ್ಮ ನಡುವೆ ಇದ್ದಾರೆ. ಅವರಿಗೆ ಮಲಯಾಳ ತಿಳಿಯದು. ಹಾಗಾಗಿ ನಾನು ಇಲ್ಲಿ ಕುಳಿತು ಕನ್ನಡದಲ್ಲಿ ಬರೆದಿದ್ದೇನೆ.